ಗೌಡರ ಹೆಸರಿನೊಳಗಿನ ಕಾಣದ ಅಕ್ಷರ

"ನನ್ನ ಹೆಸರಿನ್ಯಾಗ ಕಾಣದ ಅಕ್ಷರ ಅದ ಅಂದ್ರ ಏನ್ರಿ ಆಚಾರ್ರೆ? ನಮ್ಮಪ್ಪ ಇಟ್ಟ ಹೆಸರದು!"

"ನಾ ಅಂದಿಲ್ರೀ ಗೌಡ್ರ. ಕಂಪ್ಯೂಟರ್ ಅನ್ನಾಕತ್ತದ."

ಸೇಡಂ ಬಜಾರಿನಲ್ಲಿ ರೈತರ ಮಾಲು ಮಾರಿಸಿಕೊಡುವ ಆ ಅಡತಿ ಅಂಗಡಿಗೆ ಕಂಪ್ಯೂಟರ್ ಬಂದ ಹೊಸತು. ಹೆಸರು ಅದರೊಳಗೆ ಹೋಗಬೇಕು, ಚೀಟಿ ಹೊರಬರಬೇಕು, ಆಮೇಲೆಯೇ ತೊಗರಿ ಲಿಲಾವಿಗೆ, ಹರಾಜಿನ ಕೂಗಿಗೆ. ಐನಾಪುರದ ಕಾಶೀನಾಥ ಗೌಡರ ಚೀಲಗಳು ಅಂಗಳದಲ್ಲಿ ಬಿದ್ದಿವೆ; ಖರೀದಿದಾರರು ಆಗಲೇ ಬೇರೆಯವರ ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದಾರೆ. ಕಚೇರಿಯಲ್ಲಿ ಟೈಪಿಸ್ಟರಾಗಿದ್ದು ನಿವೃತ್ತರಾಗಿ ಈಗ ಇಲ್ಲಿ ಚೀಟಿ ಹೊಡೆಯುವ ಜಯತೀರ್ಥಾಚಾರ್ರು ಹೆಸರನ್ನು ಇನ್ನೊಮ್ಮೆ ಹೊಡೆದರು. ಕಂಪ್ಯೂಟರ್ ಇನ್ನೊಮ್ಮೆ ಕುಂಯ್ ಎಂದಿತು.

"ಕೊಡ್ಲಿ ಊರಿನ ನೀಲಾಬಾಯಿ ಹೆಸರು ಮುಂಜಾನೆನೇ ಒಳಗ ಹೋಯ್ತಲ್ರಿ! ಎರಡು ಚೀಲದಾಕಿ. ನನ್ನ ಟ್ರ್ಯಾಕ್ಟರ್ ತುಂಬ ಮಾಲು ಇಲ್ಲೇ ಕೊಳೀಬೇಕೇನು?"

"ಗಟ್ಟಿ ಹೊಡ್ದು ನೋಡ್ಲೇನ್ರಿ?"

"ಗಟ್ಟಿ ಹೊಡ್ಯಾಕ ಅದೇನು ನಿಮ್ಮ ಹಳೆ ಮಷಿನ್ನಾ?"

ಪ್ರೋಗ್ರಾಂ ಬರೆದ ಭಾಗ್ಯಜ್ಯೋತಿಯನ್ನು ಕರೆಸಿದರು.

"ಆಚಾರ್ರೆ, ಹೆಸರು ಹೊಡ್ಯಾಕಿಂತ ಮೊದಲ ಏನರ ಒತ್ತೀರೇನ್ರಿ?"

"ಟ್ಯಾಬ್ ಒತ್ತೀನವ್ವ. ಗೌಡ್ರ ಹೆಸರು ಅಂಚಿಗೆ ಹಚ್ಚಿ ಹೊಡೀಲಿಕ್ಕಾಗ್ತದೇನು? ದೊಡ್ಡವರಿಗೆ ಜಾಗಾ ಬಿಟ್ಟು ಹೊಡೀಬೇಕು."

"ಅದೇ ನೋಡ್ರಿ! ನಿಮಗದು ಖಾಲಿ ಜಾಗಾ, ಕಂಪ್ಯೂಟರಿಗೆ ಅದೂ ಒಂದು ಅಕ್ಷರ. ಮುಂದ ಸರೀ ಅನ್ನೋ ಹುಕುಂ. ಹೆಸರಿನ್ಯಾಗ ಹುಕುಂ ಕಂಡ್ರ ವಾಪಸ್ ಕಳ್ಸು ಅಂತ ನಾನೇ ಬರ್ದೀನಿ."

ಗೌಡರ ಮೀಸೆ ನಡುಗಿತು.

"ನನ್ನ ಹೆಸರಿನ್ಯಾಗ ಹುಕುಂ ಇರಬಾರದಾ? ಮತ್ತ ಯಾರ ಹೆಸರಿನ್ಯಾಗ ಇರಬೇಕವ್ವಾ?"

"ಯಾರದ್ರಾಗೂ ಇರಬಾರದ್ರಿ ಕಾಕಾ."

"ಹಂಗಾರ ನೀಲಾಬಾಯಿಗೆ ಯಾಕ ತಡೀಲಿಲ್ಲ?"

ಆಚಾರ್ರು ಕನ್ನಡಕ ಒರೆಸಿಕೊಂಡರು. "ಆಕಿಗ್ಯಾಕ್ರಿ ಟ್ಯಾಬು? ಅಂಚಿಗೇ ಹಚ್ಚಿ ಹೊಡ್ದೆ."

ಹೊರಗೆ ಲಿಲಾವಿನ ಗಂಟೆ ಬಡಿಯಿತು. ಗೌಡರು ಬಾಗಿಲು ನೋಡಿದರು, ಚೀಲ ನೋಡಿದರು, ದನಿ ಇಳಿಸಿದರು.

"ಆಚಾರ್ರೆ, ನನಗೂ ನೀಲಾಬಾಯಿಗೆ ಕೊಟ್ಟಷ್ಟೇ ಮರ್ಯಾದಿ ಕೊಡ್ರಿ."

"ಕೈ ಏಳಂಗಿಲ್ರೀ ಗೌಡ್ರ!"

"ಏಳಿಸ್ರಿ! ಲಿಲಾವು ಮುಗೀತದ!"

ಆಚಾರ್ರು ಮುಖ ಆಚೆ ತಿರುಗಿಸಿಕೊಂಡು, ಟ್ಯಾಬ್ ಒತ್ತದೆ, ಹೊಡೆದೇಬಿಟ್ಟರು. ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ. ಚೀಟಿ ಬಂತು. ಅಂಚಿಗೆ ಅಂಟಿಕೊಂಡ ತಮ್ಮ ಹೆಸರನ್ನು ಗೌಡರು ಇನ್ಯಾರದೋ ಚಪ್ಪಲಿ ಮೆಟ್ಟಿಕೊಂಡವರಂತೆ ನೋಡುತ್ತ ನಿಂತರು.

ತನ್ನ ಚೀಟಿ ಹಿಡಿದು ಲಿಲಾವಿಗೆ ಹೊರಟಿದ್ದ ನೀಲಾಬಾಯಿ ಇದನ್ನೆಲ್ಲ ಬಾಗಿಲಲ್ಲೇ ಕೇಳಿಸಿಕೊಂಡು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಅಂಚು ಮೊದಮೊದಲು ಹಂಗೇ ಚುಚ್ಚತದ್ರೀ ಗೌಡ್ರ. ಆಮ್ಯಾಲ ರೂಢಿ ಆಗ್ತದ."