ನಮ್ಮ ಮನೆಯಲ್ಲಿರುವ ಕಂಪ್ಯೂಟರುಗಳೆಷ್ಟು?

ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಬೇಕಾದ ಪ್ರಶ್ನೆಗಳೆಂದರೆ ನನಗೆ ಮೊದಲಿನಿಂದಲೂ ಭಯ. "ಊಟ ಆತೇನ್ರಿ ಸರ?" ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ಸಾಕು, ಬೆಳಿಗ್ಗೆ ತಿಂದ ಅವಲಕ್ಕಿಯನ್ನು ಊಟವೆಂದು ಹಿಡಿಯಬಹುದೇ ಎಂದು ಯೋಚಿಸುತ್ತ ನಿಂತುಬಿಡುತ್ತೇನೆ. ಅಷ್ಟರಲ್ಲಿ ಕೇಳಿದವರು ಬಸ್ಸು ಹತ್ತಿ ಮುಧೋಳ ಮುಟ್ಟಿರುತ್ತಾರೆ. ಇದಕ್ಕೆಲ್ಲ ನನ್ನ ಉದ್ಯೋಗವೇ ಕಾರಣ ಎಂದು ನಾನು ನಂಬಿದ್ದೇನೆ. ಜಮಖಂಡಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುವವನು ನಾನು. ಹೆಂಡತಿ ಕಸ್ತೂರಿ ಇದನ್ನು ಒಪ್ಪುವುದಿಲ್ಲ. "ಅದು ನಿಮ್ಮ ಹುಟ್ಟಗುಣ. ಪಾಪ, ಆ ಶಾಸ್ತ್ರದ ಮ್ಯಾಲೆ ಯಾಕ ಹಾಕ್ತೀರಿ?" ಎನ್ನುತ್ತಾಳೆ. ಈ ಗುಣ ಒಮ್ಮೆ ನಮ್ಮನ್ನು ಎಂಥ ಪೇಚಿಗೆ ಸಿಕ್ಕಿಸಿತು ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಕಸ್ತೂರಿ ಬನಹಟ್ಟಿಯ ನೇಕಾರರ ಮಗಳು. ಸೀರೆಯ ದಡಿಗೆ, ಅಂದರೆ ಅಂಚಿಗೆ, ಹೊಸ ಹೊಸ ಚಿತ್ತಾರ ಬರೆಯುವುದರಲ್ಲಿ ಅವಳ ಕೈ ಪಳಗಿದ್ದು. ಮದುವೆಯಾಗಿ ಜಮಖಂಡಿಗೆ ಬಂದಮೇಲೂ ತವರಿನ ಮಗ್ಗಗಳಿಗೆ ದಡಿ ಬರೆದು ಕಳಿಸುವುದನ್ನು ಬಿಟ್ಟಿರಲಿಲ್ಲ. ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬುತ್ತ ಕೂತರೆ ಊಟದ ಪರಿವೆಯೇ ಇರುತ್ತಿರಲಿಲ್ಲ. ಅವಳ ಊಟದ ಮಾತಲ್ಲ, ನನ್ನ ಊಟದ್ದು. ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಬಹುದು, ತಪ್ಪಿದ ಎಲೆಯನ್ನಷ್ಟೇ ಅಳಿಸಿ ತಿದ್ದಬಹುದು ಎಂದು ತಿಳಿದ ದಿನದಿಂದ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿದ್ದ ಇರ್ಫಾನನನ್ನು ಕರೆಸಿದೆವು. "ಕಂಪನಿ ಮಷೀನ್ ಯಾಕ್ರಿ ಸರ? ನಾನ ಜೋಡಿಸಿ ಕೊಡ್ತೀನಿ, ಗಟ್ಟಿ ಆಗತೈತಿ," ಎಂದ ಅವನು, ಒಂದು ಭಾಗ ಹುಬ್ಬಳ್ಳಿಯದು, ಒಂದು ಬೆಳಗಾವಿಯದು ಎಂದು ತಂದು, ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತು, ಎಲ್ಲವನ್ನೂ ಸಂಧಾನ ಮಾಡಿಸಿ ಕೂಡಿಸಿದ. ಡಬ್ಬಿ ಗುಂಯ್ ಎಂದಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಆಮೇಲೆ ಇರ್ಫಾನ ಕಿಸೆಯಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಿನ ಒಂದು ಸೀಡಿ ತೆಗೆದ. ಅದರ ಮೇಲೆ ಕರಿ ಸ್ಕೆಚ್ ಪೆನ್ನಿನಲ್ಲಿ ಏನೋ ಗೀಚಿತ್ತು.

"ಇದನ್ನ ಯಾರು ಮಾಡಿದ್ದು?" ಎಂದಳು ಕಸ್ತೂರಿ.

"ಯಾವುದೋ ದೊಡ್ಡ ಕಂಪನೀದ್ರಿ ಅಕ್ಕಾರ. ಇದು ಕಾಪಿ. ಊರತುಂಬ ಇದನ್ನ ಹಾಕೇನಿ."

"ಅವರ್ನ ಕೇಳಿ ಕಾಪಿ ಮಾಡೀರೇನು?"

ಇರ್ಫಾನ ನನ್ನ ಮುಖ ನೋಡಿದ. ಅಷ್ಟು ವರ್ಷದ ವ್ಯಾಪಾರದಲ್ಲಿ ಅವನಿಗೆ ಯಾರೂ ಕೇಳಿರದ ಪ್ರಶ್ನೆ ಅದು. ಆದರೆ ಅದರ ಮೂಲ ನನಗೆ ಗೊತ್ತಿತ್ತು. ನೇಕಾರರಲ್ಲಿ ಇನ್ನೊಬ್ಬರ ದಡಿ ಕದಿಯುವುದೆಂದರೆ ಸಣ್ಣ ಮಾತಲ್ಲ. ನಮ್ಮ ಮಾವನವರ ಮಾವಿನಕಾಯಿ ದಡಿಯನ್ನು ಪಕ್ಕದ ಮನೆಯವನೊಬ್ಬ ಹಾಗೆಯೇ ಎತ್ತಿಕೊಂಡು ನೇಯ್ದದ್ದಕ್ಕೆ ಅವರು ಬದುಕಿರುವ ತನಕ ಅವನೊಡನೆ ಮಾತಾಡಲಿಲ್ಲ. ಅವನ ಮನೆಯ ಕೋಳಿ ಅಂಗಳಕ್ಕೆ ಬಂದರೂ ಬೆನ್ನು ತಿರುಗಿಸಿ ಕೂಡುತ್ತಿದ್ದರಂತೆ. ಅಂಥವರ ಮಗಳು ಕಾಪಿ ಸೀಡಿಯ ಮೇಲೆ ಕೂತು ದಡಿ ಬರೆದಾಳೇ? ಖರೇದ್ದೇ, ಅಸಲಿ ಸೀಡಿಯೇ ಬೇಕು ಎಂದು ಹಟ ಹಿಡಿದಳು. ಬೆಳಗಾವಿಯಿಂದ ಖರೇದ್ದೇ ಬಂತು. ಅವಳು ಆ ಸೀಡಿಯ ಡಬ್ಬಿಗೆ ಅರಿಷಿಣ ಕುಂಕುಮ ಏರಿಸಿ ಕಪಾಟಿನಲ್ಲಿಟ್ಟಳು.

ಸಜ್ಜನರಿಗೆ ಕಷ್ಟ ಹೆಚ್ಚು ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ನಮ್ಮ ಓಣಿಯ ಉಳಿದ ಮನೆಗಳಲ್ಲಿ ಇರ್ಫಾನನ ಸೀಡಿ ಹಾಕಿಸಿಕೊಂಡ ಕಂಪ್ಯೂಟರುಗಳು ಯಾವ ಅಳುಕೂ ಇಲ್ಲದೆ ಓಡುತ್ತಿದ್ದವು. ಸಂಶಯ ಬರುತ್ತಿದ್ದುದು ನಮ್ಮದಕ್ಕೆ ಮಾತ್ರ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ, ಬಂದು, ಮತ್ತೆ ಸಿಟ್ಟಿನಿಂದ ಬಂದು, ಕಂಪ್ಯೂಟರಿನೊಳಗಿನ ಮದರ್‌ಬೋರ್ಡ್ ಸುಟ್ಟಿತು. ಇರ್ಫಾನ ಹೊಸದನ್ನು ಕೂಡಿಸಿದ. ಚಾಲೂ ಮಾಡಿದರೆ, ಇದು ನಾನಿದ್ದ ಕಂಪ್ಯೂಟರ್ ಅಲ್ಲ, ಇಷ್ಟು ದಿನದೊಳಗೆ ಕಂಪನಿಗೆ ಫೋನ್ ಮಾಡಿ ಪರವಾನಗಿ ಖಾತ್ರಿ ಮಾಡಿಕೊಳ್ಳಿ, ಇಲ್ಲವಾದರೆ ಬಾಗಿಲು ಹಾಕುತ್ತೇನೆ ಎಂದು ಆ ಸಾಫ್ಟ್‌ವೇರಿನ ತಕರಾರು. ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಪರಿಚಿತರಿಗೆ ಫೋನ್ ಮಾಡುವುದೆಂದರೆ ನನಗೆ ಹಲ್ಲು ಕೀಳಿಸಿದ ಹಾಗೆ. ನಾಳೆ, ನಾಡಿದ್ದು ಎಂದು ದೂಡಿದೆ. ಅದು ಹೇಳಿದಂತೆಯೇ ಬಾಗಿಲು ಹಾಕಿಕೊಂಡಿತು.

ಮರುದಿನ ಬೆಳಿಗ್ಗೆ ಕಸ್ತೂರಿಯ ತಮ್ಮ ಮಲ್ಲಪ್ಪ ಬನಹಟ್ಟಿಯಿಂದ ಬಂದ. ಲಗ್ನದ ಸುಗ್ಗಿ, ಹೊಸ ದಡಿಯ ಸೀರೆ ಕೊಡುತ್ತೇನೆಂದು ವ್ಯಾಪಾರಿಗೆ ಮಾತು ಕೊಟ್ಟಿದ್ದ. ಚಿತ್ತಾರ ಕೈಗೆ ಬಂದರೆ ಅದರ ಪ್ರಕಾರ, ಮಗ್ಗಕ್ಕೆ ಚಿತ್ತಾರ ಹೇಳಿಕೊಡುವ ರಟ್ಟಿಗೆ ತೂತು ಹೊಡೆಸಿ ಏರಿಸಬೇಕು. ಚಿತ್ತಾರವೋ, ಮುನಿಸಿಕೊಂಡ ಡಬ್ಬಿಯೊಳಗೆ.

"ಅಕ್ಕಾ, ಮಗ್ಗ ನಿಂತಾವು. ಆಳುಗೋಳು ಚಹಾ ಕುಡ್ಕೋತ ಕುಂತಾರ," ಎಂದ ಮಲ್ಲಪ್ಪ ಅಳುಮೋರೆ ಮಾಡಿ.

ಕರೆಸಿದ ಇರ್ಫಾನ ಮತ್ತೆ ಕಿಸೆಗೆ ಕೈ ಹಾಕಿದ. "ಅಕ್ಕಾರ, ನನ್ನ ಸೀಡಿ ಹಾಕಿಬಿಡ್ಲೇನ್ರಿ? ಚಹಾ ಆರೂದ್ರಾಗ ಮುಗೀತೈತಿ."

ಮಲ್ಲಪ್ಪ ಹಾಕು ಎಂದ. ನಾನೂ ಹಾಕು ಎಂದೆ. ಕಸ್ತೂರಿಯ ಕಣ್ಣು ತುಂಬಿತ್ತು. ಆ ದಡಿಗಾಗಿ ಅವಳು ಎಷ್ಟು ದಿನ ಕೂತಿದ್ದಳೆಂದು ನನಗೆ ಗೊತ್ತಿತ್ತು.

"ಬ್ಯಾಡ," ಎಂದಳು. "ನಾವು ತಪ್ಪ ಮಾಡಿಲ್ಲ. ತಪ್ಪ ಮಾಡಲಾರದೇ ಕಳ್ಳರ ಹಾದಿ ಯಾಕ ಹಿಡೀಬೇಕು? ನೀವು ಫೋನ್ ಮಾಡ್ರಿ."

ಮಾಡಿದೆ. ಮೊದಲು ಒಂದು ಯಂತ್ರ ಮಾತಾಡಿತು. ಪರದೆಯ ಮೇಲಿನ ಉದ್ದನೆಯ ಅಂಕಿಗಳನ್ನು ಒತ್ತಿಸಿಕೊಂಡು, ಕ್ಷಮಿಸಿ, ಆಗುವುದಿಲ್ಲ ಎಂದು ನನ್ನನ್ನು ಒಬ್ಬ ಹುಡುಗಿಯ ಕೈಗೆ ಒಪ್ಪಿಸಿತು. ಅವಳು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದಳು: ಈ ಸಾಫ್ಟ್‌ವೇರನ್ನು ಎಷ್ಟು ಕಂಪ್ಯೂಟರುಗಳಲ್ಲಿ ಹಾಕಿದ್ದೀರಿ?

ನೀವೇ ಹೇಳಿ, ಇದು ಸರಳ ಪ್ರಶ್ನೆಯೇ? ಮದರ್‌ಬೋರ್ಡೇ ಬದಲಾದಮೇಲೆ ಇದು ಹಳೆಯ ಕಂಪ್ಯೂಟರೋ ಹೊಸದೋ? ಹಳೆಯದೆಂದರೆ ಅದರ ಹಳೆಯತನ ಇರುವುದು ಎಲ್ಲಿ, ಹೊರಗಿನ ಡಬ್ಬಿಯಲ್ಲೋ, ಒಳಗಿನ ನೆನಪಿನಲ್ಲೋ? ಕಾಲೇಜಿನಲ್ಲಿ ಇಂಥ ಪ್ರಶ್ನೆ ಕೇಳುವ ವಿದ್ಯಾರ್ಥಿಗಾಗಿ ನಾನು ಜೀವಮಾನವಿಡೀ ಕಾದಿದ್ದೆ. ಉತ್ಸಾಹದಿಂದ ವಿವರಿಸತೊಡಗಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ಸರ್, ಒಂದೋ ಎರಡೋ?" ಎಂದಳು. ನಾನು ಪ್ರಾಮಾಣಿಕವಾಗಿ, "ಒಂದು ಅರ್ಥದಲ್ಲಿ ಎರಡು," ಎಂದೆ. ಹಾಗಾದರೆ ಇನ್ನೊಂದು ಪರವಾನಗಿ ಕೊಳ್ಳಬೇಕಾಗುತ್ತದೆ, ನಿಮ್ಮ ದಿನ ಶುಭವಾಗಿರಲಿ ಎಂದು ಅವಳು ಫೋನ್ ಇಟ್ಟಳು.

"ಮಾಮಾ, ಎರಡು ಅಂದ್ರಲ್ರಿ!" ಎಂದ ಮಲ್ಲಪ್ಪ. ಇರ್ಫಾನ ಗೋಡೆಯ ಕಡೆ ಮುಖ ಮಾಡಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನ್ ಎತ್ತಿಕೊಂಡಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಹಿಂದಿ ಅದಕ್ಕಿಂತ ಕಡಿಮೆ. ಈ ಸಲ ಸಿಕ್ಕವಳು ಬೇರೆ ಹುಡುಗಿ. ಅವಳ ಹಿಂದಿ ಎರಡು ಮಾತು ದಾಟುವಷ್ಟರಲ್ಲಿ ಕಸ್ತೂರಿಯ ಮುಖ ಅರಳಿತು. ಆ ಹಿಂದಿಯಲ್ಲಿ ಮರಾಠಿ ಇಣುಕುತ್ತಿತ್ತು. ನೂಲು ತರುತ್ತಿದ್ದ ಸೊಲ್ಲಾಪುರದ ವ್ಯಾಪಾರಿಗಳ ಮಾತು ಕೇಳುತ್ತಲೇ ಬೆಳೆದವಳು ಇವಳು. "ನೀವು ಮರಾಠಿಯವರೇನ್ರಿ?" ಎಂದು ಮರಾಠಿಯಲ್ಲಿಯೇ ಕೇಳಿದಳು. ಆ ಕಡೆ ನಗು ಕೇಳಿಸಿತು. ಆಮೇಲೆ ಅದೇ ಪ್ರಶ್ನೆ ಬಂತು: ಎಷ್ಟು ಕಂಪ್ಯೂಟರ್?

"ಏಕಚ್ ಆಹೇ ಬಾಯಿ! ದುಸರಾ ಕುಠೂನ್ ಆಣೂ?" ಎಂದಳು ಕಸ್ತೂರಿ. ಒಂದೇ ಇದೆ ತಾಯಿ, ಇನ್ನೊಂದನ್ನು ಎಲ್ಲಿಂದ ತರಲಿ ಎಂದು.

ಅಷ್ಟೇ. ತರ್ಕವಿಲ್ಲ, ಉಪನ್ಯಾಸವಿಲ್ಲ. ಕರೆಂಟಿನಿಂದ ಒಂದು ಭಾಗ ಸುಟ್ಟಿತು, ಬದಲಿಸಿದೆವು, ಮಗ್ಗ ನಿಂತಿವೆ, ತಮ್ಮ ಬಂದು ಕೂತಿದ್ದಾನೆ ಎಂದು ಉಳಿದದ್ದನ್ನೂ ಹೇಳಿದಳು. ಆ ಹುಡುಗಿ ಅಂಕಿಗಳನ್ನು ನಿಧಾನವಾಗಿ ಹೇಳುತ್ತ ಹೋದಳು, ಇವಳು ಒತ್ತುತ್ತ ಹೋದಳು. ಕೊನೆಯ ಅಂಕಿ ಒತ್ತಿದಾಗ ಬಾಗಿಲು ತೆರೆಯಿತು. ದಡಿ ಪರದೆಯ ತುಂಬ ಹರಡಿಕೊಂಡಿತು, ಬಳ್ಳಿಗೆ ಬಳ್ಳಿ ಹೆಣೆದುಕೊಂಡು. ಮಲ್ಲಪ್ಪ "ಯಪ್ಪಾ!" ಎಂದು ಉಸಿರು ಬಿಟ್ಟ. ಮಧ್ಯಾಹ್ನದ ಬಸ್ಸಿಗೆ ಅವನು ದಡಿಯ ಹಾಳೆಗಳನ್ನು ಸುತ್ತಿಕೊಂಡು ಹೊರಟ. ಆ ಸೀರೆಗಳು ಆ ವರ್ಷ ಚೆನ್ನಾಗಿ ಹೋದವು. ಬೀಳಗಿಯ ಒಂದು ಲಗ್ನದಲ್ಲಿ ಮದುಮಗಳೇ ಆ ದಡಿಯ ಸೀರೆ ಉಟ್ಟು ಕೂತಿದ್ದನ್ನು ನೋಡಿ ಕಸ್ತೂರಿ ಊಟ ಮರೆತಳು. ಈ ಸಲ ಮಾತ್ರ ಅವಳದ್ದೇ ಊಟ.

ಮುಂದಿನ ಬೇಸಿಗೆಯಲ್ಲಿ ಕರೆಂಟು ಮತ್ತೆ ತನ್ನ ಗುಣ ತೋರಿಸಿತು. ಮತ್ತೊಂದು ಭಾಗ ಸುಟ್ಟಿತು, ಮತ್ತೆ ಅದೇ ತಕರಾರು. ಅನುಭವಸ್ಥನಾದ ನಾನು ಗಂಟಲು ಸರಿಮಾಡಿಕೊಂಡು ಫೋನಿನ ಹತ್ತಿರ ಹೋದೆ. ಕಸ್ತೂರಿ ಬಹಳ ಪ್ರೀತಿಯಿಂದಲೇ ನನ್ನ ತೋಳು ಹಿಡಿದು ಬಾಗಿಲ ತನಕ ಕರೆದುಕೊಂಡು ಬಂದಳು.

"ನೀವು ಸ್ವಲ್ಪ ಹೊರಗ ನಿಂದರ್ರಿ. ನೀವು ಬಾಜೂಕ ಇದ್ರ ನನಗೂ ಎರಡ ಅನಸಾಕತ್ತತೈತಿ."

ಅಂಗಳದಲ್ಲಿ ನಿಂತೆ. ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. "ಯಾಕೋ ಮಾಸ್ತರಾ, ಹೊರಗ ನಿಂತಿ? ಮನ್ಯಾಗ ಜಗಳ ಆತೇನು?" ಎಂದು ಕೇಳಿದಳು.

ನಾನು ಯೋಚಿಸತೊಡಗಿದೆ.