ಬದನೆಕಾಯಿ ಮ್ಯಾಗ್ನಮ್

ನಮ್ಮ ಭಾವ ಬದುಕಿನಲ್ಲಿ ಒಂದು ಸೊಳ್ಳೆಯನ್ನೂ ಹೊಡೆದವರಲ್ಲ. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನು ಅಕ್ಕನ ಕೈಗೆ ಕೊಟ್ಟು, ತಾವು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಬಾಗಿಲ ಹಿಂದೆ ನಿಲ್ಲುವ ಜಾತಿ. ಸುರುಸುರುಬತ್ತಿ ಸದ್ದು ಮಾಡುವುದಿಲ್ಲವಲ್ಲ ಭಾವ ಎಂದರೆ, "ಯಾವುದಕ್ಕೂ ಇರ್ಲಿ" ಎನ್ನುತ್ತಾರೆ. ಇಂಥವರು ಉತ್ತರ ಇಂಗ್ಲೆಂಡಿನ ಕನ್ನಡಿಗರಲ್ಲೆಲ್ಲ ಮ್ಯಾಗ್ನಮ್ ರಿವಾಲ್ವರಿನ ಏಕೈಕ ತಜ್ಞರು ಎಂದರೆ ನಂಬುತ್ತೀರಾ? ನಂಬಲೇಬೇಕು. ಬರ್ಚ್‌ವುಡ್‌ನ ಅವರ ಮನೆಯಲ್ಲಿ ಊಟ ಮಾಡಿ, ಆ ವಿಷಯದ ಮೇಲೆ ಭಾಷಣ ಕೇಳದೆ ಎದ್ದು ಹೋದ ಅತಿಥಿ ಇನ್ನೂ ಹುಟ್ಟಿಲ್ಲ.

ಎಲ್ಲ ಶುರುವಾದದ್ದು ಒಂದು ಕಾರ್ ಬೂಟ್ ಸೇಲಿನಲ್ಲಿ. ಭಾನುವಾರ ಬೆಳಿಗ್ಗೆ ಜನ ಮೈದಾನದಲ್ಲಿ ಕಾರಿನ ಡಿಕ್ಕಿ ತೆರೆದು ಹಳೇ ಸಾಮಾನು ಮಾರುವ ಸಂತೆ ಅದು. ಅಕ್ಕ ಒಂದು ಒಳ್ಳೆಯ ಬಾಣಲೆ ಹುಡುಕುತ್ತಿದ್ದಳು. ಭಾವ ಒಂದು ಪೆಟ್ಟಿಗೆ ತುಂಬ ಬಂದೂಕಿನ ಮಾಸಪತ್ರಿಕೆ ಹೊತ್ತು ತಂದರು. ಈ ದೇಶದಲ್ಲಿ ಕೈಬಂದೂಕುಗಳನ್ನು ನಿಷೇಧಿಸಿ ಹೆಚ್ಚು ಕಾಲವಾಗಿರಲಿಲ್ಲ. ಯಾರೋ ಪುಣ್ಯಾತ್ಮ ಬಂದೂಕನ್ನು ಪೊಲೀಸರಿಗೆ ಒಪ್ಪಿಸಿ, ಪತ್ರಿಕೆಗಳನ್ನು ನಮ್ಮ ಭಾವನಿಗೆ ಗಂಟು ಹಾಕಿದ್ದ.

ಆ ಹೊತ್ತಿಗೆ ಅವರಿಗೆ ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಬಸಿರು ನಿಂತು ಕಳೆದುಹೋಗಿತ್ತು. ಎರಡನೆಯದು ಕಳೆದುಹೋದ ಬೇಸಿಗೆಯಲ್ಲೇ ಈ ಪೆಟ್ಟಿಗೆ ಮನೆಗೆ ಬಂದದ್ದು. ಅದಕ್ಕೇ ಅಕ್ಕ ಬಾಯಿ ಮಾಡಲಿಲ್ಲ. "ಏನಾದ್ರೂ ಒಂದು ಹಿಡ್ಕೊಂಡು ಕೂತಿರ್ಲಿ ಬಿಡೇ. ಸುಮ್ನೆ ಗೋಡೆ ನೋಡ್ತಾ ಕೂತಿರೋದಕ್ಕಿಂತ ವಾಸಿ" ಎಂದಳು. ನಾನು ಆಗ ಮ್ಯಾಂಚೆಸ್ಟರಿನಲ್ಲಿ ಕೆಲಸದಲ್ಲಿದ್ದೆ. ಶನಿವಾರ ಶನಿವಾರ ಅಕ್ಕನ ಕೈಯಡುಗೆಗೆಂದು ರೈಲು ಹತ್ತಿ ಬಂದು, ಭಾವನ ಕೈಗೆ ಸಿಕ್ಕಿಬೀಳುತ್ತಿದ್ದೆ.

ಅವರ ಸಿದ್ಧಾಂತ ಇಷ್ಟೆ. ಗುಂಡು ಮುಂದಕ್ಕೆ ಹಾರಿದರೆ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ. ಮ್ಯಾಗ್ನಮ್ ಅಂದರೆ ಮದ್ದು ಹೆಚ್ಚು ತುಂಬಿದ ತೋಟಾ. ಅದರ ಒದೆತವೂ ಹೆಚ್ಚು. ಉಕ್ಕಿನ ಭಾರವಾದ ರಿವಾಲ್ವರಾದರೆ ಆ ಒದೆತದಲ್ಲಿ ಮುಕ್ಕಾಲುಪಾಲು ತಾನೇ ನುಂಗಿಕೊಳ್ಳುತ್ತದೆ. ಆದರೆ ಅಮೆರಿಕದವರು ಜೇಬಿನಲ್ಲಿಟ್ಟುಕೊಳ್ಳಲು ಸಲೀಸಾಗಲಿ ಎಂದು ಟೈಟಾನಿಯಂ ಹಾಕಿ ಮುನ್ನೂರ ನಲವತ್ತು ಗ್ರಾಮಿನ ಮ್ಯಾಗ್ನಮ್ ಮಾಡಿಬಿಟ್ಟಿದ್ದಾರಂತೆ.

"ಹಗುರ ಆದಷ್ಟೂ ಒದೆತ ಜಾಸ್ತಿ ಕಣಮ್ಮಾ. ಹೊತ್ಕೊಂಡು ತಿರುಗೋಕೆ ಹೂವು, ಹಾರಿಸೋಕೆ ಹೋದ್ರೆ ಕತ್ತೆ" ಎನ್ನುತ್ತಿದ್ದರು ಭಾವ.

"ನೀವು ಹಾರ್ಸಿದೀರಾ ಭಾವ?"

"ಹಾರ್ಸೋದು ಮುಖ್ಯ ಅಲ್ಲ. ಅರ್ಥ ಮಾಡ್ಕೊಳ್ಳೋದು ಮುಖ್ಯ."

ಅರ್ಥ ಮಾಡಿಸುವ ಹುಮ್ಮಸ್ಸು ಅವರಿಗೆ ಎಲ್ಲಿ ಬೇಕಾದರೂ ಬರುತ್ತಿತ್ತು. ಮರುವರ್ಷ ನಮ್ಮವರೆಲ್ಲ ಸೇರಿ ಒಂದು ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು ಯುಗಾದಿ ಮಾಡಿದರು. ಬೇವು ಬೆಲ್ಲ ಆಯಿತು, ಮಕ್ಕಳ ಹಾಡು ಆಯಿತು. ಊಟಕ್ಕೆ ಎಲೆ ಹಾಕುವುದರೊಳಗೆ ಭಾವ ಒಂದು ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದರು. ಮೊದಲು ವಿದನ್‌ಶಾ ಆಸ್ಪತ್ರೆಯ ಡಾಕ್ಟರೊಬ್ಬರನ್ನು ಕೂರಿಸಿದರು. ಡಾಕ್ಟರ್ ಒಳ್ಳೇ ತೂಕದ ಆಸಾಮಿ. ಅವರ ಕೈಗೆ ಐದು ಕೆಜಿ ಅಕ್ಕಿಚೀಲ ಕೊಟ್ಟು, ಮುಂದಕ್ಕೆ ಎಸೆಯಿರಿ ಎಂದರು. ಡಾಕ್ಟರ್ ಎಸೆದರು. ಕುರ್ಚಿ ಒಂದಂಗುಲ ಸರಿದು ನಿಂತಿತು. "ನೋಡಿ, ಇವರು ಉಕ್ಕಿನ ರಿವಾಲ್ವರ್" ಎಂದು ಭಾವ ಘೋಷಿಸಿದರು. ಡಾಕ್ಟರಿಗೆ ಅದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗಲಿಲ್ಲ.

ಆಮೇಲೆ ಲಫ್‌ಬರೋದಲ್ಲಿ ಓದುತ್ತಿದ್ದ, ಕಡ್ಡಿಗೆ ಅಂಗಿ ತೊಡಿಸಿದಂತಿದ್ದ ಒಬ್ಬ ವಿದ್ಯಾರ್ಥಿ ಕೂತ. ಪಾಪ, ವಾರಗಟ್ಟಲೆ ಬ್ರೆಡ್ ತಿಂದು ಬದುಕಿದ್ದವನು. ಇದು ಮುಗಿದರೆ ಊಟ ಎಂಬ ಆಸೆಯಿಂದ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದ. ಚೀಲ ಮುಂದಕ್ಕೆ ಹೋಯಿತು. ಕುರ್ಚಿ ಹಿಂದಕ್ಕೆ ಹೊರಟು, ಊಟದ ಮೇಜಿಗೆ ಬಡಿದು, ಶ್ಯಾವಿಗೆ ಪಾಯಸದ ಪಾತ್ರೆ ಸಮೇತ ನೆಲಕ್ಕುರುಳಿತು. ಹೆಂಗಸರೆಲ್ಲ ಸೀರೆ ಎತ್ತಿಕೊಂಡು ಹಿಂದೆ ಸರಿದರು. ಭಾವ ಮಾತ್ರ ಪಾಯಸದ ನಡುವೆ ನಿಂತು, ಪರಮ ತೃಪ್ತಿಯಿಂದ, "ಟೈಟಾನಿಯಂ" ಎಂದರು. ಮುಂದಿನ ವರ್ಷದಿಂದ ಅವರಿಗೆ ಪಾರ್ಕಿಂಗ್ ನೋಡಿಕೊಳ್ಳುವ ಜವಾಬ್ದಾರಿ ಕೊಟ್ಟರು.

ಆ ಯುಗಾದಿ ಕಳೆದು ಬಂದ ಬೇಸಿಗೆಯಲ್ಲಿ ಅಕ್ಕ ಮೂರನೇ ಸಲ ಬಸುರಿಯಾದಳು. ಭಾವ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬದಲಿಗೆ ಸೂಪರ್ ಮಾರ್ಕೆಟ್ಟಿನಲ್ಲಿ ಬದನೆಕಾಯಿ ತೂಗತೊಡಗಿದರು. ಇಲ್ಲಿನ ಬದನೆಕಾಯಿ ನಮ್ಮೂರಿನ ಹಾಗಲ್ಲ; ಕಪ್ಪಗೆ, ಉದ್ದಕ್ಕೆ, ಮಿರಮಿರ ಮಿಂಚುತ್ತದೆ. ತಕ್ಕಡಿಯ ಮುಂದೆ ನಿಂತು ಒಂದೊಂದೇ ಇಟ್ಟು ನೋಡಿ, ಸರಿಯಾಗಿ ಮುನ್ನೂರ ನಲವತ್ತು ಗ್ರಾಮಿನದೊಂದನ್ನು ಆರಿಸಿ ತಂದರು. ಹಿತ್ತಲಲ್ಲಿ ನಿಂತು ಅದರ ತೊಟ್ಟಿನ ಕಡೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಟ್ಟೆ ಒಣಹಾಕುವ ಕಂಬಕ್ಕೆ ಗುರಿಯಿಟ್ಟರು. ಹಿಡಿತ ಅಭ್ಯಾಸವಂತೆ! ಇಂಥವರ ಜೊತೆ ನಮ್ಮಕ್ಕ ಹೇಗೆ ಸಂಸಾರ ಮಾಡುತ್ತಿದ್ದಳು ಹೇಳಿ?

ಕಂಬದ ಆಚೆ ಬೇಲಿ, ಬೇಲಿಯ ಆಚೆ ನೆರೆಮನೆಯ ಮುದುಕಿ. ಅಕ್ಕ ಹಿತ್ತಲಿಗೆ ಬಂದು, "ರೀ, ನಂಗೆ ವಾಂಗಿಬಾತ್ ಬಯಕೆ ಆಗಿದೆ, ಕೊಡಿ ಇಲ್ಲಿ" ಎಂದು ಆಯುಧವನ್ನು ಕಿತ್ತುಕೊಂಡು ಹೋಗುವ ಮುಂಚೆಯೇ ಆಕೆ ಫೋನ್ ಮಾಡಿಯಾಗಿತ್ತು.

ಇಬ್ಬರು ಪೊಲೀಸರು ಬಂದರು. ಹಿತ್ತಲಲ್ಲಿ ಒಬ್ಬ ಗಂಡಸು ಕಪ್ಪನೆಯ ಬಂದೂಕು ಹಿಡಿದಿದ್ದನೆಂದು ದೂರು ಬಂದಿದೆ, ಅದೆಲ್ಲಿ ಎಂದರು. ಅಕ್ಕ ಅವರನ್ನು ಅಡುಗೆಮನೆಗೆ ಕರೆದೊಯ್ದು ಪಾತ್ರೆಯ ಮುಚ್ಚಳ ತೆಗೆದಳು. ಆಯುಧ ಎಂಟು ಹೋಳಾಗಿ, ವಾಂಗಿಬಾತ್ ಪುಡಿಯಲ್ಲಿ ಬೇಯುತ್ತಿತ್ತು. ಇಬ್ಬರೂ ಬಹಳ ಹೊತ್ತು ಪಾತ್ರೆಯೊಳಗೆ ನೋಡಿದರು.

ಭಾವನಿಗೆ ಹೆದರಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು. ಜೀವನದಲ್ಲಿ ಮೊದಲ ಸಲ ಇಬ್ಬರು ವೃತ್ತಿಪರರು ಮನೆಗೆ ಬಂದಿದ್ದಾರೆ! "ನಿಮ್ಮ ಅನುಭವದಲ್ಲಿ ಒದೆತ ಹೇಗಿರುತ್ತೆ ಸಾರ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಿರಿಯವನು ಸಂಕೋಚದಿಂದ ಸೊಂಟ ಮುಟ್ಟಿಕೊಂಡು, ತಮ್ಮ ಹತ್ತಿರ ದೊಣ್ಣೆ ಮಾತ್ರ ಇರುವುದು, ಅದು ಒದೆಯುವುದಿಲ್ಲ ಎಂದ. ಭಾವನಿಗೆ ಬ್ರಿಟಿಷ್ ಪೊಲೀಸರ ಮೇಲಿದ್ದ ಗೌರವ ಅವತ್ತೇ ಹೋಯಿತು. ಪೊಲೀಸರು ವಾಂಗಿಬಾತ್ ತಿಂದು, ಮುಂದೆ ತರಕಾರಿಯನ್ನು ಮನೆಯೊಳಗೇ ಹಿಡಿಯಿರಿ ಎಂದು ಬುದ್ಧಿ ಹೇಳಿ ಹೋದರು.

ತಿಂಗಳುಗಳು ಕಳೆದಂತೆ ಮಗುವಿನ ಮಾತೆಲ್ಲ ಮುಂದೆ ಹೋಗತೊಡಗಿತು. ತೊಟ್ಟಿಲು ತರೋಣವೇ ಎಂದರೆ ಭಾವ, "ಆಮೇಲೆ ನೋಡೋಣ" ಎನ್ನುತ್ತಿದ್ದರು. ಸೀಮಂತಕ್ಕೆ ಹಸಿರು ಬಳೆ ಲೆಸ್ಟರಿನಿಂದ ತರಲೇ ಎಂದರೆ, "ಈಗಲೇ ಯಾಕಮ್ಮಾ?" ಹೆಸರಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಮಗು ಲೆಕ್ಕಕ್ಕಿಂತ ಚಿಕ್ಕದಾಗಿದೆ ಎಂದು ಡಾಕ್ಟರು ಹೇಳಿದ ಮೇಲಂತೂ ಇನ್ನೂ ಗಟ್ಟಿಯಾಗಿ ರಿವಾಲ್ವರಿನ ಮಾತಾಡತೊಡಗಿದರು. ಒಂದು ದಿನ ಅಕ್ಕ, "ರೀ, ಒದೀತಾ ಇದೆ, ಕೈ ಇಡಿ ಇಲ್ಲಿ" ಎಂದಳು. ಭಾವ ಕೈಯಿಟ್ಟರು, ಮಗು ಇನ್ನೊಮ್ಮೆ ಒದೆಯುವ ಮುಂಚೆಯೇ ತೆಗೆದುಬಿಟ್ಟರು. ಅಕ್ಕ ನನ್ನ ಮುಖ ನೋಡಿದಳು.

ಏಳನೇ ತಿಂಗಳಲ್ಲಿ ಆಫೀಸಿನವರು ಭಾವನನ್ನು ವಾರದ ಮಟ್ಟಿಗೆ ಅಮೆರಿಕಕ್ಕೆ ಕಳಿಸಿದರು. ಹೋಗಲಾರೆ ಎಂದು ಕೂತವರನ್ನು ಅಕ್ಕನೇ ಹೊರಡಿಸಿದಳು. "ಹೋಗಿ ಆ ದರಿದ್ರ ಪಿಸ್ತೂಲು ಒಂದ್ಸಲ ಹಾರ್ಸಿ ಬನ್ನಿ, ಇಬ್ರಿಗೂ ನೆಮ್ಮದಿ." ಬಂದಾಗ ಬಲಗೈ ಹೆಬ್ಬೆರಳಿನ ಬುಡ ಊದಿ ಕಪ್ಪಗಾಗಿತ್ತು. ಏನಾಯಿತು ಎಂದರೆ ಸೂಟ್‌ಕೇಸ್ ಬಿಚ್ಚತೊಡಗಿದರು. ರಿವಾಲ್ವರ್ ಬಗ್ಗೆ ಭಾವನ ಬಾಯಿ ಮುಚ್ಚಿದ್ದು ಅದೇ ಮೊದಲು! ಅವರ ಜೊತೆ ಹೋಗಿದ್ದ ಲೀಡ್ಸಿನ ಸಹೋದ್ಯೋಗಿಯೊಬ್ಬ ಕಾಫಿಗೆ ಬಂದವನು ಅರ್ಧ ಕಥೆ ಹೇಳಿದ. ಶೂಟಿಂಗ್ ಕಲಿಸುವ ಜಾಗಕ್ಕೆ ಹೋದರಂತೆ. ಉಕ್ಕಿನ ಭಾರದ ರಿವಾಲ್ವರಿನಲ್ಲಿ ಭಾವ ಎಲ್ಲರೂ ಬೆರಗಾಗುವಂತೆ ಗುರಿಯ ಹಾಳೆಯ ನಟ್ಟನಡುವೆ ಹೊಡೆದರಂತೆ. ಆಮೇಲೆ ಆ ಹೂವಿನಂಥ ಹಗುರದ್ದನ್ನು ಕೈಗೆ ತೆಗೆದುಕೊಂಡರು. ಢಂ ಎಂದಿತು. ಕನ್ನಡಕ ಹಣೆಗೇರಿತು, ಟೋಪಿ ಹಿಂದೆ ಬಿತ್ತು, ಗುಂಡು ಭಾವನ ಮುಂದಿನ ನೆಲಕ್ಕೆ ಹೋಯಿತು. ಹಾಳೆಗೆ ಏನೂ ಆಗಲಿಲ್ಲ.

ಉಳಿದರ್ಧ ನನಗೆ ಸಿಕ್ಕಿದ್ದು ವಿದನ್‌ಶಾ ಆಸ್ಪತ್ರೆಯ ಮೊಗಸಾಲೆಯಲ್ಲಿ. ಅವರು ಬಂದು ಎರಡು ವಾರವಾಗಿತ್ತು. ಅಕ್ಕನಿಗೆ ದಿನ ತುಂಬುವ ಮುಂಚೆಯೇ ನೋವು ಶುರುವಾಗಿ ಒಳಗೆ ಕರೆದೊಯ್ದಿದ್ದರು. ಮಧ್ಯಾಹ್ನದಿಂದ ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದೆವು. ಭಾವ ಇದ್ದಕ್ಕಿದ್ದಂತೆ ಹೇಳಿದರು:

"ಅಮೆರಿಕದಲ್ಲಿ ಎರಡನೇ ಸಲ ಹಾರ್ಸೋಕೆ ಹೋದಾಗ, ಅಲ್ಲಿ ಕಲಿಸೋ ಹೆಂಗಸು ನಂಗೆ ಗೊತ್ತಾಗದ ಹಾಗೆ ಖಾಲಿ ತೋಟಾ ಹಾಕಿ ಕೊಟ್ಲು ಕಣಮ್ಮಾ. ಟ್ರಿಗರ್ ಒತ್ತಿದೆ. ಟಿಕ್ ಅಂತು ಅಷ್ಟೆ. ಢಂ ಅನ್ಲಿಲ್ಲ, ಒದೀಲಿಲ್ಲ. ಆದ್ರೂ ನನ್ ಕೈ ಬೆಚ್ಚಿ ಕೆಳಗೆ ಹೋಗಿತ್ತು. ಆಕೆ ನಗಲಿಲ್ಲ. ಪೆಟ್ಟು ಬೀಳೋ ಮುಂಚೆನೇ ನಿಮಗೆ ನೋವಾಗ್ತಿದೆ, ಅದಕ್ಕೇ ಗುರಿ ತಪ್ತಿದೆ ಅಂದ್ಲು." ಹೆಬ್ಬೆರಳಿನ ಕಪ್ಪು ಕಲೆಯನ್ನು ಉಜ್ಜಿಕೊಂಡರು. "ಇಷ್ಟು ತಿಂಗಳೂ ನಾನು ಹಾಗೇ ಇದ್ದೆ. ನಿಮ್ಮಕ್ಕಂಗೆ ಒಂದು ಡಜನ್ ಬಳೆ ತರೋಕೂ ಬಿಡ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಅಷ್ಟು ವರ್ಷದಲ್ಲಿ ಅವರನ್ನು ಗೇಲಿ ಮಾಡಲು ನನಗೆ ಏನೂ ಸಿಗದ ಹೊತ್ತು ಅದೊಂದೇ.

ಬಾಗಿಲು ತೆರೆಯಿತು. ಅಕ್ಕ ಚೆನ್ನಾಗಿದ್ದಾಳೆ ಎಂದಳು ನರ್ಸ್. ಹೆಣ್ಣು ಮಗು, ಚಿಕ್ಕದು, ಆದರೆ ತಾನೇ ಉಸಿರಾಡುತ್ತಿದೆ. ಒಂದೇ ಒಂದು ನಿಮಿಷ ಎತ್ತಿಕೊಂಡು ಕೊಡಿ, ಬೆಚ್ಚಗಿಡಬೇಕು. ತೂಕವನ್ನು ಪೌಂಡು ಔನ್ಸಿನಲ್ಲಿ ಹೇಳಿದಳು. ಭಾವ ಈಗ ಗ್ರಾಮಿಗೆ ತಿರುಗಿಸುತ್ತಾರೆ ಎಂದು ನಾನು ಕಾದೆ. ತಿರುಗಿಸಲಿಲ್ಲ. ಎರಡೂ ಕೈ ಮುಂದೆ ಚಾಚಿದರು.

ಬಟ್ಟೆಯ ಗಂಟಿನಲ್ಲಿ ಒಂದು ಹಿಡಿ ಮುಖ. ಭಾವನ ಕೈಗೆ ಬಂದದ್ದೇ ತಡ, ಒಳಗಿನಿಂದ ಒಂದು ಪುಟ್ಟ ಕಾಲು ಝಾಡಿಸಿ ಒದೆಯಿತು, ಆ ಊದಿದ ಹೆಬ್ಬೆರಳಿಗೇ. ಭಾವ ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಒರಗಿಬಿಟ್ಟರು. ಕೈ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಹಗುರ ಆದಷ್ಟೂ..." ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ಮುಂದಿನದು ನನಗೆ ಬಾಯಿಪಾಠ. ಆದರೂ ಹೇಳಿಕೊಡಲಾಗಲಿಲ್ಲ, ನಾನೂ ಅಳುತ್ತಿದ್ದೆ.