ನಮ್ಮ ಕಾಕಾನ ಕ್ವಾರ್ಟರ್‌ಬ್ಯಾಕು

ನಮ್ಮ ಕಾಕಾನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಚ್ಚು ಅಂದರೆ ಅದು ನಾಲ್ಕು ಜನಕ್ಕಾದರೂ ಹಿಡಿದಿರಬೇಕು; ಆಗ ಅದಕ್ಕೊಂದು ಹೆಸರು, ಒಂದು ಮಾತ್ರೆ ಇರುತ್ತದೆ. ಕ್ಯಾಲಿಫೋರ್ನಿಯಾದ ಇಡೀ ಬೇ ಏರಿಯಾದಲ್ಲಿ ಇವರೊಬ್ಬರಿಗೇ ಹಿಡಿದಿರುವ ಈ ಸಂಗತಿಗೆ ಇನ್ನೂ ಯಾರೂ ಹೆಸರಿಟ್ಟಿಲ್ಲ.

ಸಂಗತಿ ಇಷ್ಟೇ. ಕಾಕಾ ಕೆನಡಾದ ಫುಟ್‌ಬಾಲಿನ ಒಬ್ಬ ನಿವೃತ್ತ ಕ್ವಾರ್ಟರ್‌ಬ್ಯಾಕಿನ ಪರಮಭಕ್ತರು. ಕ್ವಾರ್ಟರ್‌ಬ್ಯಾಕು ಅಂದರೆ ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಈ ಕಡೆಯ ಫುಟ್‌ಬಾಲಿನಲ್ಲಿ ಚೆಂಡನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನು. ಗೆದ್ದರೆ ಊರು ಅವನನ್ನು ಹೆಗಲ ಮೇಲೆ ಹೊರುತ್ತದೆ, ಸೋತರೆ ಅದೇ ಊರು ಅವನ ವಂಶವನ್ನೇ ಜಾಲಾಡುತ್ತದೆ. ಅಮೆರಿಕದಲ್ಲಿ ಇಂಥವರ ಹೆಸರು ಡೇಕೇರಿನ ಮಕ್ಕಳಿಗೂ ಗೊತ್ತು. ಕಾಕಾನ ಕ್ವಾರ್ಟರ್‌ಬ್ಯಾಕಿನ ಹೆಸರು ಮಾತ್ರ ಇಲ್ಲಿ ಕಾಕಾನ ಬಾಯಿ ಬಿಟ್ಟರೆ ಬೇರೆಲ್ಲೂ ಕೇಳಿಸುವುದಿಲ್ಲ. ಸಾಲದ್ದಕ್ಕೆ ಆ ಮನುಷ್ಯ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಭಕ್ತಿ ಮಾಡುವುದೇ ಆದರೆ ವರ ಕೊಡುವ ದೇವರನ್ನು ಹಿಡಿಯಬಾರದೆ?

ಕಾಕಾ ನನ್ನ ಅಪ್ಪನ ತಮ್ಮ, ಹುಬ್ಬಳ್ಳಿಯವರು. ಮದುವೆಯಾದ ಹೊಸದರಲ್ಲಿ ಕೆನಡಾದ ಬಯಲುಸೀಮೆಯ ಒಂದೂರಿಗೆ ಗೊಬ್ಬರದ ಫ್ಯಾಕ್ಟರಿಯ ಕೆಲಸಕ್ಕೆ ಹೋದರು. ಕೆಲವು ವರ್ಷ ಅಲ್ಲಿ ಹೆಪ್ಪುಗಟ್ಟಿ, ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು ಕರಗಿದರು. ಈಗ ರಿಟೈರ್ ಆಗಿ ವಾಲ್ನಟ್ ಕ್ರೀಕಿನಲ್ಲಿದ್ದಾರೆ. ನಾನು ಮೌಂಟನ್ ವ್ಯೂನಲ್ಲಿ ಒಂದು ಬಾಡಿಗೆ ಗೂಡಿನಲ್ಲಿದ್ದೇನೆ; ಶನಿವಾರ ಬಂತೆಂದರೆ ಕಾಕಾನ ಹೆಂಡತಿ, ನಮ್ಮ ಕಾಕು, ಬಡಿಯುವ ಜೋಳದ ರೊಟ್ಟಿಯ ಆಸೆಗೆ ಎರಡು ರೈಲು ಬದಲಿಸಿಕೊಂಡು ಇವರ ಮನೆಗೆ ಓಡುತ್ತೇನೆ. ರೊಟ್ಟಿ ಪುಕ್ಕಟೆಯೇನಲ್ಲ. ಒಂದು ರೊಟ್ಟಿಗೆ ಕಾಲು ಗಂಟೆಯಂತೆ ಕ್ವಾರ್ಟರ್‌ಬ್ಯಾಕಿನ ಪುರಾಣ ಕೇಳಬೇಕು.

ಪುರಾಣದ ಮೊದಲ ಅಧ್ಯಾಯ ಯಾವಾಗಲೂ ಒಂದೇ. ಹತ್ತು ಗಜ ಮುಂದೆ ಹೋಗಲು ಅಮೆರಿಕದ ಆಟದಲ್ಲಿ ನಾಲ್ಕು ಅವಕಾಶ ಕೊಡುತ್ತಾರೆ, ಕೆನಡಾದಲ್ಲಿ ಮೂರೇ.

"ನಾಲ್ಕನೇ ಚಾನ್ಸ್ ಕೊಟ್ಟಿದ್ದಕ್ಕ ಈ ಊರ ಹುಡುಗ್ರು ಹಾಳಾಗಿದ್ದು ನೋಡು," ಎನ್ನುತ್ತಾರೆ ಕಾಕಾ. "ಒಂದು ಕಂಪನಿ ಮುಳುಗಸ್ತಾರ, ಎರಡನೇದು ಮುಳುಗಸ್ತಾರ, ಮೂರನೇದೂ ಮುಳುಗಿಸಿ ಸ್ಟೇಜ್ ಮ್ಯಾಲೆ ನಿಂತು, ಸೋಲಿನಿಂದ ನಾ ಏನು ಕಲತೆ ಅಂತ ಭಾಷಣ ಮಾಡ್ತಾರ. ಮೂರಕ್ಕ ಮನೀಗೆ ಕಳಸಬೇಕು."

"ಕಾಕಾ, ನಂದು ಇದು ನಾಲ್ಕನೇ ಕೆಲಸ."

"ಅದಕ್ಕ ಹೇಳ್ಲಿಕ್ಕತ್ತೇನಿ."

ಕೆನಡಾದವರ ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಅಲ್ಲಿ ಒದ್ದ ಚೆಂಡು ಗುರಿ ತಪ್ಪಿದರೂ ಒಮ್ಮೊಮ್ಮೆ ಒಂದು ಪಾಯಿಂಟು ಕೊಡುತ್ತಾರೆ. ನಮ್ಮ ಆಫೀಸಿನಲ್ಲೂ ಹೀಗಿದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಡೈರೆಕ್ಟರ್ ಆಗಿರುತ್ತಿದ್ದೆ.

ಕಾಕುಗೆ ಈ ಆಟ ಕಂಡರಾಗದು. ಟಿವಿ ಹಚ್ಚಿದ ತಕ್ಷಣ ಅಡುಗೆಮನೆ ಸೇರಿಬಿಡುತ್ತಾರೆ. "ಗಂಡಸರು ಒಬ್ಬರ ಮ್ಯಾಲೊಬ್ಬರು ಬೀಳೋದು ನೋಡ್ಲಿಕ್ಕೆ ಟಿವಿ ಯಾಕ ಬೇಕು? ಧಾರವಾಡದ ಬಸ್ ಹತ್ತಿದ್ರ ಸಾಕಿತ್ತು," ಅಂತ ಅಲ್ಲಿಂದಲೇ ಒಂದು ಬಾಣ ಬರುತ್ತದೆ. ಇಷ್ಟು ವರ್ಷ ಸಂಸಾರ ಮಾಡಿಯೂ ಆ ಕ್ವಾರ್ಟರ್‌ಬ್ಯಾಕಿನ ಮುಖ ಹೇಗಿದೆಯೆಂದು ಕಾಕುಗೆ ಗೊತ್ತಿಲ್ಲ. ಆಟದಲ್ಲಿ ತಲೆಗೆ ಹೆಲ್ಮೆಟ್ಟು, ಮನೆಯಲ್ಲಿ ಟಿವಿಗೆ ಕಾಕುವಿನ ಬೆನ್ನು, ಗೊತ್ತಾಗುವುದಾದರೂ ಹೇಗೆ?

ಹೋದ ವರ್ಷ ಇಲ್ಲಿನ ದೊಡ್ಡ ಫೈನಲ್ ನೋಡಲು ಮೌಂಟನ್ ವ್ಯೂನ ಗೆಳೆಯನೊಬ್ಬ ಕನ್ನಡದವರನ್ನೆಲ್ಲ ಮನೆಗೆ ಕರೆದಿದ್ದ. ನಾನು ಬುದ್ಧಿಯಿಲ್ಲದೆ ಕಾಕಾನನ್ನೂ ಕರೆದುಕೊಂಡು ಹೋದೆ. ಎಲ್ಲರೂ ಹೊಚ್ಚಹೊಸ ಜರ್ಸಿ ತೊಟ್ಟಿದ್ದರು. ಒಬ್ಬಿಬ್ಬರದಕ್ಕೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ನಿಯಮಗಳನ್ನು ಅಂದೇ ಬೆಳಿಗ್ಗೆ ಫೋನಿನಲ್ಲಿ ಓದಿಕೊಂಡು ಬಂದಿದ್ದರು. ಪಕ್ಕದವ ಕೂಗಿದಾಗ ಕೂಗಬೇಕು ಎಂಬುದು ಮುಖ್ಯ ನಿಯಮ. ನಾನಂತೂ ಎದುರು ತಂಡ ಅಂಕ ಗಳಿಸಿದಾಗ ಎದ್ದು ಕುಣಿದು, ಕೈಯಲ್ಲಿದ್ದ ಖಾರದ ಚಟ್ನಿಯನ್ನು ಆತಿಥೇಯನ ಬಿಳಿ ಸೋಫಾಕ್ಕೆ ಅರ್ಪಿಸಿದೆ.

ಕಾಕಾ ಬಂದದ್ದು ಮೊಣಕೈ ಸವೆದ ಹಸಿರು ಸ್ವೆಟರಿನಲ್ಲಿ. ಬೆನ್ನ ಮೇಲೆ ಅಳಿಸಿಹೋದ ಹೆಸರು. ಯಾರೋ ಪಾಪದವರು ಸೌಜನ್ಯಕ್ಕೆ "ಯಾರದು ಅಂಕಲ್ ಈ ಹೆಸರು?" ಅಂತ ಕೇಳಿಬಿಟ್ಟರು. ಕಾಕಾ ಎದ್ದು ಸರಿಯಾಗಿ ಟಿವಿಯ ಮುಂದೆ ನಿಂತು ಹೇಳತೊಡಗಿದರು. ಅವರ ಹಿಂದೆ ಇಡೀ ಅಮೆರಿಕ ಉಸಿರು ಬಿಗಿಹಿಡಿದು ನೋಡುತ್ತಿದ್ದ ಎರಡು ನಿಮಿಷ ಬಂತು, ಹೋಯಿತು. ನಮಗೆ ಕಂಡದ್ದು ಹಸಿರು ಸ್ವೆಟರು ಮಾತ್ರ.

ಈ ವರ್ಷವೂ ಆ ಮನೆಯಿಂದ ಕರೆ ಬಂತು. ಬರಹೇಳಿದ ಹೊತ್ತು ನೋಡಿದರೆ ಆಟ ಮುಗಿದು ಒಂದು ಗಂಟೆಯ ನಂತರ.

ಮನೆಯಲ್ಲಿ ಕಾಕಾ ಹೆಚ್ಚಾಗಿ ನೋಡುವುದು ಹಳೆಯ ಆಟಗಳ ರೆಕಾರ್ಡಿಂಗು. ಯಾರೋ ಪುಣ್ಯಾತ್ಮರು ಅವನ್ನು ಇಂಟರ್ನೆಟ್ಟಿಗೆ ಹಾಕಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಹೀಗೇ ಒಂದು ಆಟ ಓಡುತ್ತಿತ್ತು. ಕ್ವಾರ್ಟರ್‌ಬ್ಯಾಕು ಅಪರೂಪಕ್ಕೆ ಚೆನ್ನಾಗಿ ಆಡುತ್ತಿದ್ದ. ಕಾಕಾ ತಟ್ಟನೆ ಎದ್ದು ಉಪ್ಪು, ಒಣಮೆಣಸಿನಕಾಯಿ ತಂದು, ದೃಷ್ಟಿಯಾಗದಿರಲೆಂದು ಟಿವಿಗೆ ಇಳಿ ತೆಗೆಯತೊಡಗಿದರು.

"ಕಾಕಾ, ಈ ಮ್ಯಾಚ್ ಮುಗಿದು ಎಷ್ಟೋ ವರ್ಷ ಆಯ್ತಲ್ಲ."

"ದೃಷ್ಟಿಗೆ ಹಳೇದು, ಹೊಸದು ಅಂತ ಇರಂಗಿಲ್ಲೋ."

ಮೆಣಸಿನಕಾಯಿ ಒಲೆಯ ಮೇಲೆ ಬಿತ್ತು. ಹುಬ್ಬಳ್ಳಿಯಲ್ಲಾದರೆ ಎರಡು ಸೀನು ಸೀನಿ ಮುಗಿಸುತ್ತಿದ್ದೆವು. ವಾಲ್ನಟ್ ಕ್ರೀಕಿನಲ್ಲಿ ಮೊದಲು ನಮ್ಮ ಮನೆಯ ಸ್ಮೋಕ್ ಅಲಾರ್ಮು ಕಿರುಚಿತು, ಆಮೇಲೆ ಇಡೀ ಅಪಾರ್ಟ್‌ಮೆಂಟಿನದು. ಕೆಮ್ಮುತ್ತಾ ಎಲ್ಲರೂ ಕೆಳಗೆ ಬಂದು ನಿಂತರು. ನಾನು ಪ್ರಾಣಭಯದಲ್ಲಿ ಆಫೀಸಿನ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎಲ್ಲರಿಗಿಂತ ಮೊದಲೇ ಇಳಿದಿದ್ದೆ. ಕಾಕು ಆಮೇಲೆ ನಿಧಾನವಾಗಿ ಇಳಿದು ಬಂದು, "ಅದನ್ನರ ಉಳಿಸಿದೆಲ್ಲಪ್ಪಾ, ಜಾಣ," ಎಂದರು. ಆ ವಾರ ನನಗೆ ರೊಟ್ಟಿ ಸ್ವಲ್ಪ ಗಟ್ಟಿಯಾಗೇ ಬಂತು.

ಅಗ್ನಿಶಾಮಕದವನಿಗೆ ಕಾಕಾ ಎಲ್ಲವನ್ನೂ ವಿವರಿಸಿದರು: ಕೆನಡಾ, ಮೂರು ಅವಕಾಶ, ದೃಷ್ಟಿ. ಆತ ಟೋಪಿ ತೆಗೆದು ತಲೆ ಕೆರೆದುಕೊಂಡು, ಕೊನೆಗೆ ಯಾರು ಗೆದ್ದರು ಅಂತ ಕೇಳಿದ.

"ಸೋತ್ವಿ," ಎಂದರು ಕಾಕಾ.

ನವೆಂಬರಿನಲ್ಲಿ ಆ ಬಯಲುಸೀಮೆಯ ಊರಿನಿಂದ ಸುದ್ದಿ ಬಂತು. ಅಭಿಮಾನಿಗಳೆಲ್ಲ ಸೇರಿ ಕ್ವಾರ್ಟರ್‌ಬ್ಯಾಕನ್ನು ಒಂದು ಸಭಾಂಗಣಕ್ಕೆ ಕರೆದು ಸನ್ಮಾನ ಮಾಡುತ್ತಾರಂತೆ. ದೂರದಲ್ಲಿರುವವರು ವಿಡಿಯೋದಲ್ಲಿ ಬಂದು ತಮ್ಮ ಒಂದೊಂದು ನೆನಪು ಹೇಳಬಹುದಂತೆ. ಆತನಿಗೆ ವಯಸ್ಸಾಗಿದೆ, ಮೊಣಕಾಲು ಕೈಕೊಟ್ಟಿದೆ. ಇನ್ನು ಇಂಥ ಸಭೆಗಳಿಗೆ ಬರುವುದಿಲ್ಲ, ಇದೇ ಕೊನೆ ಅಂತ ಮೊದಲೇ ಹೇಳಿದ್ದಾನಂತೆ.

ಕಾಕಾ ಹೆಸರು ಕೊಟ್ಟರು. ಆಮೇಲೆ ಪುರಾಣವೇ ನಿಂತುಹೋಯಿತು. ರೊಟ್ಟಿ ಪುಕ್ಕಟೆ ಸಿಗತೊಡಗಿದಾಗ ನನಗೆ ಗಾಬರಿಯಾಯಿತು.

"ಯಾವ ಮ್ಯಾಚಿನ ಬಗ್ಗೆ ಹೇಳ್ತೀರಾ ಕಾಕಾ?"

"ಮ್ಯಾಚಿಂದಲ್ಲ. ಆ ಮನಶ್ಯಾಗ ಒಂದು ಮಾತು ಹೇಳೋದದ. ಭಾಳ ವರ್ಷದ್ದು. ಆಟ ಮುಗದ ಮ್ಯಾಲೆ ಗೇಟಿನ ಹತ್ರ ನಿಂದರತಿದ್ನಿ, ಹೇಳಬೇಕಂತ. ಆತ ಬಂದ ಕೂಡ್ಲೆ ಬಾಯಿ ಕಟ್ಟತಿತ್ತು. ಈಗ ಹೇಳಲಿಲ್ಲಂದ್ರ ಹೋತು."

ಕಂಪ್ಯೂಟರಿನ ಜವಾಬ್ದಾರಿ ನನ್ನದು. ಸಭೆ ಭಾನುವಾರ, ಅಲ್ಲಿನ ಸಂಜೆ ನಾಲ್ಕಕ್ಕೆ. ಬೇಸಿಗೆಯಿಡೀ ಆ ಊರಿನ ಈಗಿನ ತಂಡದ ಆಟಗಳನ್ನು ಕಾಕಾನ ಜೊತೆ ನೇರಪ್ರಸಾರದಲ್ಲಿ ನೋಡಿದವನು ನಾನು; ಅಲ್ಲಿಗೂ ಇಲ್ಲಿಗೂ ಒಂದು ಗಂಟೆಯ ವ್ಯತ್ಯಾಸ ಎಂಬುದು ನನಗೆ ಬಾಯಿಪಾಠ. ಅಂದರೆ ಇಲ್ಲಿ ಮೂರಕ್ಕೆ. "ನೀವು ಆರಾಮಾಗಿರಿ ಕಾಕಾ, ನಾನಿದ್ದೀನಿ," ಎಂದೆ. ಇಂಜಿನಿಯರು ಹೀಗೆ ಹೇಳಿದಾಗ ಮನೆಯವರು ಎಚ್ಚರ ವಹಿಸಬೇಕು.

ಭಾನುವಾರ ಕಾಕಾ ಕೋಟು ಹಾಕಿಕೊಂಡು ಕೂತರು. ಮೂರಕ್ಕೆ ಐದು ನಿಮಿಷವಿದ್ದಾಗ ನಾನು ಗತ್ತಿನಿಂದ ಲಿಂಕು ಒತ್ತಿದೆ. ತೆರೆಯ ಮೇಲೆ ಸಭಾಂಗಣ ಕಾಣಿಸಿತು. ಅಲ್ಲಿ ಒಬ್ಬಾತ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

ವಿಷಯ ಏನೆಂದರೆ, ಚಳಿಗಾಲ ಬಂತೆಂದು ನಾವು ಕ್ಯಾಲಿಫೋರ್ನಿಯಾದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡಿದ್ದೆವು. ಆ ಬಯಲುಸೀಮೆಯವರು ವರ್ಷವಿಡೀ ಗಡಿಯಾರ ಮುಟ್ಟುವುದೇ ಇಲ್ಲ. ಈಗ ಎರಡು ಗಂಟೆಯ ವ್ಯತ್ಯಾಸ. ಸಭೆ ಶುರುವಾಗಿ ಒಂದು ಗಂಟೆಯಾಗಿತ್ತು; ಅಂದರೆ ಮುಗಿದಿತ್ತು.

ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋಟಿನ ಗುಂಡಿ ಬಿಚ್ಚತೊಡಗಿದರು.

ನಾನು ಲ್ಯಾಪ್‌ಟಾಪಿನೊಳಗೆ ತಲೆ ತೂರಿಸಿ, ಕುರ್ಚಿ ಪೇರಿಸುತ್ತಿದ್ದವನಿಗೆ ಕೇಳಿಸುವಂತೆ ಅರಚಿದೆ: ತಪ್ಪು ನನ್ನದು, ಇವರದಲ್ಲ, ಇವರು ಬಹಳ ವರ್ಷದಿಂದ ಕಾದಿದ್ದಾರೆ, ದಯವಿಟ್ಟು ಯಾರನ್ನಾದರೂ ಕರೆಯಿರಿ. ಆತ ಬೆಚ್ಚಿ ನೋಡಿ, ಬಾಗಿಲ ಕಡೆ ಓಡಿದ. ಸ್ವಲ್ಪ ಹೊತ್ತಿಗೆ ಎತ್ತರದ ಒಬ್ಬ ಮುದುಕ ಅರ್ಧ ಹಾಕಿಕೊಂಡ ಜಾಕೆಟಿನಲ್ಲಿ, ಕುಂಟುತ್ತಾ ಬಂದು ತೆರೆಯ ಮುಂದೆ ಕೂತ. ಕಾಕಾ ಎದ್ದು ನಿಂತುಬಿಟ್ಟರು. ಅವರ ಹೊಟ್ಟೆ ಮಾತ್ರ ಅಲ್ಲಿಗೆ ಕಾಣುತ್ತಿತ್ತು. ನಾನು ಎಳೆದು ಕೂರಿಸಿದೆ.

ಕಾಕಾ ಹೇಳಿದ್ದು ಇಂಗ್ಲಿಷಿನಲ್ಲಿ. ಆ ಇಂಗ್ಲಿಷಿಗೂ ಹುಬ್ಬಳ್ಳಿಯ ಧಾಟಿಯೇ ಇದ್ದುದರಿಂದ ಕನ್ನಡದಲ್ಲಿ ಬರೆದರೆ ಹೆಚ್ಚು ನಷ್ಟವಿಲ್ಲ.

"ಸರ್, ಆಗ ನಾವು ಆ ಊರಿಗೆ ಹೊಸಬರು. ನನ್ನ ಹೆಂಡತಿ ಗ್ರೋಸರಿ ಅಂಗಡಿಯಾಗ ಬಿಲ್ ಕೌಂಟರಿಗೆ ಸೇರಿದ್ಲು. ಕೈ ನಿಧಾನ. ಅಲ್ಲಿಯ ಕಾಯಿಪಲ್ಯಾದ ಹೆಸರು ಗೊತ್ತಿರಲಿಲ್ಲ. ಜನ ಆಕಿ ಲೈನ್ ಬಿಟ್ಟು ಬಾಜೂಕ ಹೋಗ್ತಿದ್ರು. ಲೈನ್ ಹಿಂಗ ಖಾಲಿ ಇದ್ರ ಮುಂದಿನ ವಾರದಿಂದ ಬರೋದು ಬ್ಯಾಡ ಅಂತ ಮ್ಯಾನೇಜರ್ ಹೇಳಿದ್ದ. ಇದೂ ಹೋತಂದ್ರ ನಾ ಊರಿಗೆ ಹೋಗ್ತೇನಿ, ಮತ್ತ ಬರಂಗಿಲ್ಲ ಅಂತ ಆಕಿ ಹೇಳಿದ್ಲು. ಮರುದಿವಸ ನೀವು ಬಂದ್ರಿ. ಉಳದ ಲೈನ್ ಎಲ್ಲಾ ಬಿಟ್ಟು ಆಕಿ ಲೈನಿನಾಗ ನಿಂತ್ರಿ. ನಿಮ್ಮನ್ನ ನೋಡಿ ಹಿಂದ ಇನ್ನೊಬ್ಬ ನಿಂತ, ಮತ್ತೊಬ್ಬ ನಿಂತ. ಆಮ್ಯಾಲೆ ವಾರ ವಾರ ನಿಂತ್ರಿ. ಆಕಿ ಊರಿಗೆ ಹೋಗಲಿಲ್ಲ. ಇಷ್ಟ ಹೇಳೋದಿತ್ತು."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಹಿಟ್ಟಿನ ಕೈಯಲ್ಲೇ ಕಾಕು ಬಾಗಿಲಿಗೆ ಬಂದು ನಿಂತಿದ್ದರು.

ಆ ಕಡೆಯ ಮುದುಕ ತೆರೆಯ ಹತ್ತಿರಕ್ಕೆ ಬಾಗಿ ಬಾಗಿಲಲ್ಲಿದ್ದ ಕಾಕುವನ್ನು ನೋಡಿದ. ಆಮೇಲೆ, "ಮೊಟ್ಟೆಯ ಡಬ್ಬವನ್ನು ತುದಿಬೆರಳಲ್ಲಿ ಹಿಡಿದು ಚೀಲದ ಅಡಿಗೆ ಹಾಕಿ, ಮೇಲೆ ಆಲೂಗಡ್ಡೆ ಇಡುತ್ತಿದ್ದರಲ್ಲ, ಅವರೇನಾ?" ಎಂದ.

"ನಮ್ಮ ಮನ್ಯಾಗ ಯಾರೂ ತತ್ತಿ ಮುಟ್ಟಿದವರಲ್ಲ," ಎಂದರು ಕಾಕು, ಕನ್ನಡದಲ್ಲಿ, ನನಗೆ. "ಹೇಳು ಅವರಿಗೆ."

ನಾನು ಹೇಳಿದೆ. ಮುದುಕ ನಕ್ಕ. ಬೇರೆ ಎಲ್ಲ ಕೌಂಟರಿನಲ್ಲೂ ಚೆಂಡನ್ನು ಹೇಗೆ ಎಸೆಯಬೇಕಿತ್ತೆಂದು ತನಗೆ ಪಾಠ ಹೇಳುತ್ತಿದ್ದರಂತೆ. ಈಕೆ ಮಾತ್ರ ಮುಖ ಎತ್ತಿಯೂ ನೋಡದೆ, ಮೊಟ್ಟೆಯನ್ನೇ ಭಯದಿಂದ ನೋಡುತ್ತಿದ್ದರಂತೆ. ಸೋತ ವಾರಗಳಲ್ಲಿ ತಾನು ತಲೆಯೆತ್ತಿ ನಿಲ್ಲಬಹುದಾದ ಸಾಲು ಅದೊಂದೇ ಇತ್ತು ಎಂದ. ಮತ್ತೆ ಎದ್ದು, ಜಾಕೆಟಿನ ಇನ್ನೊಂದು ತೋಳು ಹಾಕಿಕೊಂಡು, ಕಾಕುಗೆ ತಲೆಬಾಗಿ ಹೋದ.

ನಾನು ಲ್ಯಾಪ್‌ಟಾಪು ಮುಚ್ಚಿದೆ. ಕಾಕು ಬಂದು ಕಾಕಾನ ಪಕ್ಕದ ಕುರ್ಚಿಯಲ್ಲಿ ಕೂತರು. ಕೈಗೆ ಹತ್ತಿದ್ದ ಹಿಟ್ಟು ಅಲ್ಲೇ ಒಣಗುತ್ತಿತ್ತು.

"ಆತ ನನ್ನ ಲೈನಿಗೆ ನಿಂತಿದ್ದು ನಿಮಗ ಹ್ಯಾಂಗ ಗೊತ್ತು? ನೀವು ಫ್ಯಾಕ್ಟರಿಯಾಗ ಇರತಿದ್ರಿ."

ಕಾಕಾ ಮೇಜಿನ ಅಂಚನ್ನು ಒರೆಸುತ್ತಾ ಕೂತಿದ್ದರು. "ಶಿಫ್ಟ್ ಮುಗದ ಮ್ಯಾಲೆ ಬರತಿದ್ನಿ. ಹೊರಗ ಕಾಜಿನ ಕಿಡಕಿ ಹತ್ರ ನಿಂದರತಿದ್ನಿ."

"ಆ ಥಂಡಿಯೊಳಗ? ಒಳಗ ಬರಬಹುದಿತ್ತಲ್ರೀ."

"ನಾ ನೋಡ್ಲಿಕ್ಕತ್ತೇನಿ ಅಂದ್ರ ನಿನ್ನ ಕೈ ಇನ್ನಷ್ಟು ನಡಗತಿತ್ತು."

"ಎಷ್ಟೊತ್ತು ನಿಂದರತಿದ್ರಿ?"

"ನಿನ್ನ ಲೈನಿಗೆ ಯಾರರ ಬರೋತನಕ."